ಎಲೆಯ ಮೇಲೆ ಅಡ್ಡ ಇಟ್ಟ ಕೈ

ಅಧ್ಯಕ್ಷರಾದ ಬಿಂದುಮಾಧವ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಅಡಿಗಿ ವಾಸನಿ ಬಂದರೂ ಎದ್ದು ಹೋಗದ ಹಡಪಸರದ ಕನ್ನಡ ಸಭಿಕರೇ,

ಎಂಬತ್ನಾಲ್ಕನೇ ಇಸವಿಯಿಂದ ಇಪ್ಪತ್ತು ವರ್ಷ ಸಂಘದ ಪಂಕ್ತಿಯೊಳಗ ತುಪ್ಪ ಬಡಿಸಿದ್ದಕ್ಕ ಈ ಶಿವಪುತ್ರಪ್ಪಗ ಶಾಲು ಹೊದಿಸೀರಿ. ತುಪ್ಪ ಬಡಿಸೋದೂ ಒಂದು ಸೇವೆಯೇ? ಹೌದ್ರಿ, ನಾನೂ ಹಂಗ ತಿಳಿದಿದ್ದೆ. ನಮ್ಮಲ್ಲಿ ಸಾಕು ಅಂದವನ ಮಾತು ಯಾರು ಕೇಳ್ತಾರ? ಎಲಿ ಮ್ಯಾಲೆ ಕೈ ಅಡ್ಡ ಇಟ್ಟರ ಸಂಕೋಚ ಅಂತೀವಿ. ಬೆರಳ ಸಂದಿಯಿಂದ ಹೋಳಿಗಿ ಮ್ಯಾಲೆ ತುಪ್ಪ ಇಳಿಸೋದು ನನ್ನ ಕೈಚಳಕ.

ಹೋದ ವರ್ಷ ಯುಗಾದಿ ಊಟಕ್ಕ ನನ್ನ ಗೆಳೆಯ ಮಹಾಲಿಂಗ ಎರಡೂ ಕೈ ಅಡ್ಡ ಇಟ್ಟ. ನಾವಿಬ್ಬರೂ ಒಂದೇ ದಿನ ಪುಣೆಗೆ ಬಂದು, ಒಂದೇ ಖೋಲಿಯೊಳಗ ಒಂದೇ ತಾಟಿನಾಗ ಉಂಡವರು. "ಶಿವಪುತ್ರಾ, ಕೊಲೆಸ್ಟ್ರಾಲ್ ಭಾಳ ಆಗೇದಂತ. ಬ್ಯಾಡೋ" ಅಂದ. ನಾ ಏನು ಮಾಡಿದೆ? ಎಲ್ಲರಿಗೂ ಕೇಳೂಹಂಗ ಚ್ಯಾಷ್ಟಿ ಮಾಡಿ ಅವನ ಕೈ ಮ್ಯಾಲೇ ಸುರುವಿದೆ. ಮಂದಿ ನಕ್ಕರು. ಅವ ತಲಿ ತಗ್ಗಿಸಿ ತಿಂದ.

ತಿಂಗಳೊಪ್ಪತ್ತಿನಾಗ ಅವನ ಹೃದಯದ ಆಪರೇಷನ್ ಆತು. ಒಂದು ದಿನದ ತುಪ್ಪದಿಂದ ಹಿಂಗಾಗೂದಿಲ್ಲ ಅಂತ ಡಾಕ್ಟರು ಮರಾಠಿಯೊಳಗ ನನಗ ಸಮಾಧಾನ ಹೇಳಿದರು. ಆದರ ಅಂದಿನಿಂದ ಮಹಾಲಿಂಗ ಸಂಘದ ಊಟಕ್ಕ ಕೂತಿಲ್ಲ. ಭಾಷಣ ಮುಗಿದ ಕೂಡಲೇ ಹಿಂದಿನ ಬಾಗಿಲಿನಿಂದ ಹೋಗ್ತಾನ. ನನಗ ಅಂಜಿ ಹೋಗ್ತಾನ. ಇದನ್ನ ಹೇಳಬೇಕಂತ ಬರಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು. ನನಗ ಭಾಳ ನಾಚಿಕಿ ಆಗೇದ.

ಹೋದ ವಾರ ನನ್ನ ಕೊಲೆಸ್ಟ್ರಾಲ್ ರಿಪೋರ್ಟೂ ಬಂತು. ಇನ್ನೂರಾ ಎಂಬತ್ತು! ತುಪ್ಪದ ಡಬ್ಬಿ ಎಲ್ಲಿ ಮುಚ್ಚಿಟ್ಟಾಳೋ, ನನ್ನ ಹೆಂಡತಿ ಶಿವಗಂಗವ್ವಗಷ್ಟೇ ಗೊತ್ತು. ಜ್ವಾಳದ ರೊಟ್ಟಿ, ಮಡಿಕಿಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಕೆನಿ ತಗದ ಮಜ್ಜಿಗಿ. ಎಂಟು ದಿನ ತಪ್ಪಿಲ್ಲ. ಮುಂದೂ ತಪ್ಪೂದಿಲ್ಲ.

ಇವತ್ತಿನಿಂದ ತುಪ್ಪದ ಗಿಂಡಿ ನಮ್ಮ ಸಂಘದ ಭಾಗ್ಯಾ ಅವರ ಕೈಯಾಗ ಇರ್ತದ. ಕೈ ಅಡ್ಡ ಬಂದರ ಮುಂದಿನ ಎಲಿಗೆ ಹೋಗ್ರಿ ಅಂತ ಅವರಿಗೆ ಹೇಳೇನಿ. ನಿಮಗೂ ಅದೇ ವಿನಂತಿ: ಸಾಕು ಅಂದವರಿಗೆ ಒತ್ತಾಯ ಬ್ಯಾಡ.

ಮಹಾಲಿಂಗಾ, ಬಾಗಿಲ ಹತ್ರ ನಿಂತೀ, ಕಾಣಸ್ತದ. ಮೊದಲನೇ ಪಂಕ್ತಿಯೊಳಗ ಎರಡು ಎಲಿ ಹಾಕಸೇನಿ. ಶಿವಗಂಗವ್ವ ಇಬ್ಬರಿಗೂ ರೊಟ್ಟಿ ಪಲ್ಯ ಕಟ್ಟಿಕೊಟ್ಟಾಳ. ಇಪ್ಪತ್ತು ವರ್ಷದಾಗ ನಾ ಮೊದಲನೇ ಪಂಕ್ತಿಗೆ ಕೂಡೋದು ಇದೇ ಮೊದಲು. ನೀ ಬರೂತನಕ ನಾ ತುತ್ತು ಎತ್ತೂದಿಲ್ಲ.

ಶಾಲಿಗೂ, ಹಸಿದ ಹೊಟ್ಟಿಲೆ ಇಷ್ಟೊತ್ತು ಕೇಳಿದ್ದಕ್ಕೂ ನಿಮಗೆಲ್ಲಾ ಧನ್ಯವಾದ. ನಮಸ್ಕಾರ್ರಿ. ಮಹಾಲಿಂಗಾ, ನಿನಗೂ ನಮಸ್ಕಾರ. ಕೈ ತೊಳಕೊಂಡು ಬಾ.