ವೆಂಕಟರಾಮಪ್ಪನ ಮೋಟಾರು

ದಿಬ್ಬೂರಹಳ್ಳಿ ಆಚೆಯ ನನ್ನ ಎರಡೆಕರೆ, ವರ್ಷಕ್ಕೆ ಅರವತ್ತು ಸಾವಿರ ಬಾಡಿಗೆ. ಬಾಡಿಗೆಗೆ ಬಂದವಳ ಷರತ್ತು ಒಂದೇ: ಕತ್ತಲಾದ ಮೇಲೆ ಸುತ್ತಮುತ್ತ ಪಂಪ್‌ಸೆಟ್ ಓಡಬಾರದು. ಓಡಿದರೆ ದುಡ್ಡು ವಾಪಸ್.

ಹಿಡಿದವಳು ಪಕ್ಕದ ಮನೆ ವೆಂಕಟೇಶಮೂರ್ತಿ ಮೇಷ್ಟ್ರ ಮಗಳು ಮಹತಿ. ನಕ್ಷತ್ರಗಳಿಂದ ಬರೋ ರೇಡಿಯೋ ಸಿಗ್ನಲ್ ಹುಡುಕೋ ಸಂಶೋಧನೆಯಂತೆ. ಆಂಟೆನಾ ನೆಟ್ಟು, ಪಕ್ಕದಲ್ಲೊಂದು ಶೆಡ್ಡು ಹಾಕಿಸಿದಳು. ಸಿಕ್ಕಿದ್ದರಲ್ಲಿ ಆಕಾಶದ್ದು ಯಾವುದು, ನೆಲದ್ದು ಯಾವುದು ಅಂತ ಕಂಪ್ಯೂಟರೇ ಆರಿಸಬೇಕು. ಅದಕ್ಕೆ ಪಾಠ ಹೇಳೋಕೆ ಊರಿನ ಒಂದೊಂದು ಮೋಟಾರನ್ನೂ ಹಾಕಿಸಿ, ಅದು ಎಬ್ಬಿಸೋ ರೇಡಿಯೋ ಗದ್ದಲ ಹಿಡಿದು, ಯಜಮಾನನ ಹೆಸರು ಹಚ್ಚಿ ಊಡಿಸಿದಳು. ಓದಿದವರ ಬುದ್ಧಿ ನೋಡಿ. ಬೇಡದ ಗದ್ದಲವನ್ನೇ ಗುಡ್ಡೆ ಹಾಕೋದು.

ಮೂರನೇ ವರ್ಷ ಒಂದು ಸಿಗ್ನಲ್ ಸಿಕ್ತು. ದಿನಾ ರಾತ್ರಿ ಬರ್ತಿತ್ತು. ಆಕಾಶದ್ದಾದರೆ ಡಾಕ್ಟರೇಟು. ನೆಲದ್ದಾದರೆ ಮೂರು ವರ್ಷವೂ ಮಣ್ಣು.

ಅವತ್ತು ಹೊತ್ತು ಮೀರಿತ್ತು. ಮೇಷ್ಟ್ರು ಹೇಳಿದ್ದಕ್ಕೆ ಶೆಡ್ಡಿಂದ ಅವಳನ್ನ ಮನೆಗೆ ಕರ್ಕೊಂಡು ಬರ್ತಿದ್ದೆ. ದಾರೀಲಿ, ಹಿಪ್ಪುನೇರಳೆ ಬೆಳೀತಿದ್ದ ವೆಂಕಟರಾಮಪ್ಪನ ಬಾವಿ ಹತ್ತಿರ ನಿಂತುಬಿಟ್ಟಳು.

"ಅಂಕಲ್... ಇವರ ಮೋಟಾರು ರಾತ್ರಿ ಓಡ್ತಿದೆ."

"ಆತ ಸ್ಟಾರ್ಟರ್ ಶಾಕ್ ಹೊಡೆದು ಸತ್ತು ಐದು ತಿಂಗಳಾಯ್ತಲ್ಲಮ್ಮ. ಮೋಟಾರನ್ನ ಗುಜರಿಗೆ ತಗೊಂಡೋನೇ ನಾನು. ತಾಮ್ರ ಬಿಚ್ಚಿ ಮಾರಿದೀನಿ."

"ದಿನಾ ಬರೋ ಆ ಸಿಗ್ನಲ್ ತೊಂಬತ್ತೇಳು ಪರ್ಸೆಂಟ್ ಇವರದೇ ಅಂತಿದೆ ಮೆಷಿನ್."

"ಮಿಕ್ಕ ಮೂರು ಪರ್ಸೆಂಟ್ ನಾನು ಕಣಮ್ಮ. ನಡಿ."

ಆಗ... ಟಕ್.

ಸ್ಟಾರ್ಟರ್ ಕಚ್ಚಿದ ಸದ್ದು. ಹಿಂದೆಯೇ ಗುಂಯ್ಯ್... ಪೈಪು ಕೆಮ್ಮಿತು. ಗೊರ ಗೊರ... ಗೊಳಕ್. ಕತ್ತಲಲ್ಲಿ ನೀರು ಬೀಳ್ತಿತ್ತು. ಆಮೇಲೆ ಚಪ್... ಚಪ್... ಸನಿಕೆಯಲ್ಲಿ ಮಣ್ಣೆಳೆದು ಕಾಲುವೆ ತಿರುಗಿಸೋ ಸದ್ದು.

ಟಾರ್ಚ್ ಬೆಳಕು ಬಿಟ್ಟೆ. ಸ್ಟಾರ್ಟರ್ ಡಬ್ಬಿಯಲ್ಲಿ ಕಣಜದ ಗೂಡು. ಕಂಬದಿಂದ ತಂತಿಯಿಲ್ಲ. ಪೈಪೇ ಇಲ್ಲ. ಚಪ್ ಚಪ್ ನಿಂತಿತು... ಯಾರೋ ನಮ್ಮ ಕಡೆ ತಿರುಗಿದ ಹಾಗೆ.

ಮಹತಿ ನನ್ನ ತೋಳು ಹಿಡಿದಳು. "ಅಂಕಲ್, ಇದನ್ನ ಯಾರಿಗೂ ಹೇಳ್ಬೇಡಿ."

ಹೆದರಿದಾಳೆ ಪಾಪ ಅಂದ್ಕೊಂಡೆ. ಹೆದರಿದ್ದು ಹೌದು, ದೆವ್ವಕ್ಕಲ್ಲ. ಬೆಳಗಾಗುತ್ತಲೇ ಕಂಪ್ಯೂಟರಿಂದ ವೆಂಕಟರಾಮಪ್ಪನ ಹೆಸರು ಅಳಿಸಿ, ಅವನ ಮೋಟಾರನ್ನೇ ಬಿಟ್ಟು, ಮತ್ತೆ ಮೊದಲಿಂದ ಪಾಠ ಹೇಳಿದಳು.

"ಏನಮ್ಮ ಇದು?"

"ಸತ್ತವರದು, ಮೋಟಾರೂ ಇಲ್ಲ. ಅದು ಕೆಟ್ಟ ಡೇಟಾ ಅಂಕಲ್."

ಆ ರಾತ್ರಿ ಅದೇ ಸಿಗ್ನಲ್ ಬಂತು. ಮೆಷಿನ್ ಹೇಳಿತು: ಆಕಾಶದ್ದು, ತೊಂಬತ್ತೊಂಬತ್ತು ಪರ್ಸೆಂಟ್. ನಾವು ತಕ್ಕಡಿ ಕೆಳಗೆ ಬೆರಳಿಟ್ಟರೆ ಮೋಸ. ಇವರಿಟ್ಟರೆ ವಿಜ್ಞಾನ.

ನಂಬೋದು ಬಿಡೋದು ನಿಮ್ಮಿಷ್ಟ. ಸುಳ್ಳು ಹೇಳಿದ್ರೆ ನನಗೇನೂ ಹುಟ್ಟಲ್ಲ. ನನ್ನ ಕಿವಿಯಾರೆ ಕೇಳಿದ್ದು. ಅವಳಿಗೆ ಡಾಕ್ಟರೇಟು ಬಂತು. ನಾನು ವೆಂಕಟರಾಮಪ್ಪನ ಹೆಂಡತಿ ಮಂಗಮ್ಮನ ಹತ್ತಿರ ಅವನ ಒಣಗಿದ ಹಿಪ್ಪುನೇರಳೆ ತೋಟ ಗುತ್ತಿಗೆಗೆ ಹಿಡಿದೆ. ಕರೆಂಟಿಲ್ಲ, ಬಾವೀಲಿ ನೀರಿಲ್ಲ, ನಾನು ಒಂದು ಕೊಡ ಹಾಕಿದವನಲ್ಲ.

ಈ ಬೇಸಿಗೆ ಎರಡು ಕಟಾವು. ಸೊಪ್ಪು, ಹನ್ನೊಂದು ಟ್ರ್ಯಾಕ್ಟರ್ ಲೋಡು.