ಕರಪತ್ರದ ಕೊನೆಯ ಸಾಲು

ಸಭೆಯ ಅಧ್ಯಕ್ಷರಾದ ಶ್ರೀಮತಿ ಚಂದ್ರಪ್ರಭಾ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ತಾಂತ್ರಿಕ ಸಹಾಯಕ ದಕ್ಷಿಣಾಮೂರ್ತಿಯವರೇ, ಅವರ ಮಗಳು ಧಾರಿಣಿ, ಕೃಷಿ ಸಂಶೋಧನಾ ಸಂಸ್ಥೆಯ ಮಿತ್ರರೇ, ಕಿದ್ವಾಯಿ ನಗರದಿಂದ ದೆಹಲಿಯ ಟ್ರಾಫಿಕ್ ದಾಟಿ ಬಂದಿರುವ ಸಭಿಕರೇ,

ವಿಜ್ಞಾನಿ ಸೂರ್ಯನಾರಾಯಣ, ಅಂದರೆ ನಾನು, ಎರಡು ಒಳ್ಳೆಯ ಮಾತಾಡಿ ಶಾಲು ಹೊದಿಸುತ್ತಾರೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಹೊರಗೆ ಆಲೂ ಬೋಂಡಾ ಕರಿಯುವ ವಾಸನೆ ಬರುತ್ತಿದೆ. ಹೆಚ್ಚು ಕಾಯಿಸುವುದಿಲ್ಲ.

ತರಕಾರಿ ಭಯ್ಯಾನ ಗಾಡಿಯಲ್ಲಿ ಆಲೂಗಡ್ಡೆ ಆರಿಸುವಾಗ ಸಿಪ್ಪೆಯ ಮೇಲೆ ಕಪ್ಪು ಕಲೆ ನೋಡಿರುತ್ತೀರಿ. ಮಣ್ಣೆಂದುಕೊಂಡು ಉಜ್ಜುತ್ತೀರಿ, ಹೋಗುವುದಿಲ್ಲ. ಅದು ರೋಗ. ಬಿತ್ತನೆ ಗೆಡ್ಡೆಯ ಜೊತೆಗೇ ಹೊಲ ಸೇರುತ್ತದೆ. ಗೆಡ್ಡೆಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವ ಇಲ್ಲವೇ ಬಿತ್ತುವ ಮೊದಲು ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಒಣಗಿಸಿದರೆ ಹತೋಟಿಗೆ ಬರುತ್ತದೆ.

ಒಂಬತ್ತು ವರ್ಷದ ಹಿಂದೆ ಹಾಸನದ ರೈತರಿಗಾಗಿ ಇದನ್ನೇ ಕನ್ನಡದಲ್ಲಿ ಕರಪತ್ರ ಮಾಡಿದೆ. ಇಲ್ಲಿ ಕನ್ನಡ ಟೈಪಿಂಗ್ ಬಲ್ಲವರು ದಕ್ಷಿಣಾಮೂರ್ತಿಯೊಬ್ಬರೇ. ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಯಬೇಕಿತ್ತು. ನನ್ನ ಹೆಸರು, ಡಿಗ್ರಿ, ಹುದ್ದೆಗೆ ಜಾಗ ಸಾಲಲಿಲ್ಲ. ಕೈಬರಹದ ಕರಡಿನಲ್ಲಿ ಕೊನೆಯ ಸಾಲನ್ನು ಹೊಡೆದುಹಾಕಿದೆ.

"ಸರ್, ಈ ಸಾಲು ಇರಲಿ ಅನ್ಸುತ್ತೆ. ಬೀಜ ಊರು ಮುಟ್ಟೋ ಹೊತ್ತಿಗೆ ಮೊಳಕೆ ಬಂದಿರುತ್ತೆ" ಎಂದರು ಅವರು.

"ಅಚ್ಛಾ, ಅದೆಲ್ಲ ರೈತರಿಗೆ ಗೊತ್ತಿರುತ್ತೆ ರೀ. ಚಲೋ, ಪ್ರಿಂಟಿಗೆ ಕೊಡಿ" ಎಂದೆ.

ಗೊತ್ತಿತ್ತೇ? ಪಂಜಾಬಿನಿಂದ ಲಾರಿಯಲ್ಲಿ ಬಂದ ಗೆಡ್ಡೆಗಳು ಮೊಳಕೆ ಒಡೆದೇ ಹಾಸನದಲ್ಲಿ ಇಳಿದವು. ಸುಶೀಲಾ ಎಂಬ ರೈತ ಮಹಿಳೆ ನನ್ನ ಕರಪತ್ರವನ್ನು ಗೋಡೆಗೆ ಅಂಟಿಸಿ, ಗಡಿಯಾರ ನೋಡಿಕೊಂಡು ಅದ್ದಿದರು. ಮೊಳಕೆಗಳು ಸುಟ್ಟುಹೋದವು. ಎರಡು ಎಕರೆಯಲ್ಲಿ ಬಹುಪಾಲು ಹುಟ್ಟಲೇ ಇಲ್ಲ. "ನೀವು ಬರೆದಂಗೇ ಮಾಡಿದ್ನಲ್ಲ ಸ್ವಾಮಿ" ಎಂದು ಫೋನಿನಲ್ಲಿ ಕೇಳಿದರು.

ವಿಚಾರಣೆಯಲ್ಲಿ ನಾನು ಹೇಳಿದ್ದು ಎರಡೇ ಪದ: ಟೈಪಿಂಗ್ ತಪ್ಪು. ದಕ್ಷಿಣಾಮೂರ್ತಿ ಬಾಯಿ ಬಿಡಲಿಲ್ಲ. ಅವರನ್ನು ಪ್ರಯೋಗದ ಹೊಲದಿಂದ ತೆಗೆದು ಕಡತಗಳ ಕೋಣೆಗೆ ಹಾಕಿದರು. ಗೆಡ್ಡೆ ಮುಟ್ಟಿಯೇ ರೋಗ ಗುರುತಿಸುತ್ತಿದ್ದ ಮನುಷ್ಯ ಒಂಬತ್ತು ವರ್ಷ ಫೈಲಿನ ಧೂಳು ಒರೆಸಿದರು. ನನಗೆ ಬಡ್ತಿ ಬಂತು.

ಆಗ ಶಾಲೆಗೆ ಹೋಗುತ್ತಿದ್ದ ಧಾರಿಣಿ ತಮ್ಮ ಮನೆಯಲ್ಲೇ ನನ್ನನ್ನು ಕೇಳಿದಳು: "ಅಂಕಲ್, ಸಚ್ ಮೇ ಅಪ್ಪಂದೇ ತಪ್ಪಾ?" ಚಹಾ ಮುಗಿಸಿ ಎದ್ದುಬಂದೆ. ಕ್ಷಮಿಸಿ, ಇದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಕಳೆದ ವಾರ ಕಪಾಟಿನ ಬೀಗದ ಕೈ ಒಪ್ಪಿಸಲು ಬಂದ ದಕ್ಷಿಣಾಮೂರ್ತಿ ಆ ಕರಡಿನ ಈ ಹಾಳೆಯನ್ನೂ ಕೊಟ್ಟರು. ನನ್ನದೇ ಕೈಬರಹ, ನನ್ನದೇ ಕೆಂಪು ಗೀಟು. ಇಷ್ಟು ವರ್ಷ ಇದು ಅವರ ಬಳಿಯೇ ಇತ್ತು!

"ಯಾಕ್ರೀ ಯಾರಿಗೂ ತೋರಿಸಲಿಲ್ಲ?" ಎಂದೆ.

"ನೀವೇ ಹೇಳ್ತೀರಿ ಅಂತಿದ್ದೆ ಸರ್."

ಸಭಿಕರೇ, ಹೇಳುತ್ತಿದ್ದೇನೆ. ಸುಶೀಲಾ ಅವರಿಗೂ, ನಿರ್ದೇಶಕರಿಗೂ ಇದನ್ನೇ ಬರೆದು ಕಳಿಸಿದ್ದೇನೆ. ನಾನು ಹೊಡೆದುಹಾಕಿದ ಸಾಲು ಇದು: "ಮೊಳಕೆ ಒಡೆದ ಗೆಡ್ಡೆಗಳನ್ನು ಈ ನೀರಿನಲ್ಲಿ ಅದ್ದಬಾರದು."

ಧಾರಿಣಿ, ನೀನು ಅಂದು ಕೇಳಿದ್ದಕ್ಕೆ ಉತ್ತರ: ಅಲ್ಲಮ್ಮ, ತಪ್ಪು ನಿನ್ನ ಅಪ್ಪನದಲ್ಲ, ನನ್ನದು. ಈ ಶಾಲು ನನ್ನ ಕೈಯಿಂದ ಬೇಡ. ಬಾ, ನೀನೇ ಹೊದಿಸು.

ಕೊನೆಯವರೆಗೂ ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞ. ದಕ್ಷಿಣಾಮೂರ್ತಿಯವರೇ, ನಿಮಗೆ ನಮಸ್ಕಾರ.