ಅಣ್ಣನ ಚಕ್ಕು, ತಮ್ಮನ ಹಲ್ಲು

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಂದು ಎದ್ದ ಕೂಗಿಗೆ ನಂದಿಬೆಟ್ಟವೇ ಎರಡಂಗುಲ ಹಿಂದೆ ಸರಿಯಿತು. ಅನುಮಾನವಿದ್ದವರು ಅಳೆದು ನೋಡಿ. ಮಗ್ಗಕ್ಕೆ ನೂಲು ಸುತ್ತುವ ಮರದ ಕಂಡಿಕೆ ಕಡೆಯುವ ಬೈಲಪ್ಪನ ಕಂಕುಳಲ್ಲಿ, ಮರ ಕಚ್ಚಿ ಹಿಡಿಯುವ ಲೇತಿನ ಚಕ್ಕು ಇತ್ತು. ಪಾಲು ಬೇರೆಯಾದ ತಮ್ಮ ಸೀನಪ್ಪ ಆ ಚಕ್ಕಿನ ಮೂರೂ ಹಲ್ಲುಗಳನ್ನು ಟವಲಿನಲ್ಲಿ ಕಟ್ಟಿಕೊಂಡು ತೂಬಗೆರೆ ಬಸ್ಸಿನ ಕಿಟಕಿ ಪಕ್ಕ ಕೂತಿದ್ದ.

“ಹಲ್ಲು ಕೊಡೋ. ಬೋಳುಬಾಯಿ ಚಕ್ಕು ಏನ್ ಕಚ್ಚುತ್ತೆ?”

“ಚಕ್ಕು ನಿಂಗೆ, ಹಲ್ಲು ನಂಗೆ. ಪಂಚಾಯ್ತೀಲಿ ನೀನೇ ತಲೆ ಆಡಿಸ್ದಲ್ಲ.”

“ಸೋಮವಾರ ಕಂಡಿಕೆ ಕೊಡ್ದಿದ್ರೆ ಮಗ್ಗದೋರು ಬೇರೆ ಕಡೆ ಹೋಗ್ತಾರೆ ಕಣೋ!”

“ಹೋಗ್ಲಿ. ಚಕ್ಕಿನ ಒಂದನೇ ಸಂದಿಗೆ ಮೂರನೇ ಹಲ್ಲು ತುರುಕಿ ಮರ ಹಾರಿಸ್ದೋನು ನೀನು. ಅದು ಬಡಿದು ಅತ್ತಿಗೆ ಹಣೆ ಇನ್ನೂ ಊದ್ಕೊಂಡದೆ.”

“ಚಕ್ಕಿಲ್ದೆ ನಿಂಗಾದ್ರೂ ಹಲ್ಲು ಯಾಕ್ಲಾ?”

“ನಿನ್ ಹೊಟ್ಟೆ ಉರ್ಸೋಕೆ.”

ಬಸ್ಸು ಕದಲಿತು.

“ತಗೊಂಡು ಸಾಯಿ!” ಇಬ್ಬರೂ ಒಂದೇ ಉಸಿರಿಗೆ ಕಿರುಚಿದರು. ಬೈಲಪ್ಪ ಚಕ್ಕನ್ನು ಕಿಟಕಿಯೊಳಗೆ ತಮ್ಮನ ಮಡಿಲಿಗೆ ನೂಕಿದ. ಸೀನಪ್ಪ ಟವಲಿನ ಗಂಟನ್ನು ಅಣ್ಣನ ಕಾಲಬುಡಕ್ಕೆ ಎಸೆದ.

“ಲೇ, ಚಕ್ಕು ಬಿಸಾಕ್ಲಾ!”

“ನೀನೇ ಹಲ್ಲು ಎತ್ಕೊಂಡ್ ಓಡ್ಬಾರೋ!”

ಬಸ್ಸು ತೂಬಗೆರೆ ದಾರಿಗೆ ತಿರುಗಿತು.